ಹುಣ್ಣು ಹೋಗಿ ಗಾಯ ಉಳಿಯಿತು

ನನ್ನ ಸೋದರಮಾವನವರು ಊಟ ಮುಗಿಸಿ ಕೈ ತೊಳೆದು ಬಂದರೆಂದರೆ, ಮನೆಯಲ್ಲಿ ನೆಂಟರಿಷ್ಟರು ಎಷ್ಟು ಮಂದಿಯೇ ನೆರೆದಿರಲಿ, ಮಾತು ಎಷ್ಟೇ ರಸವತ್ತಾಗಿ ಸಾಗಿರಲಿ, ನಡುಮನೆಯ ಗೋಡೆಯ ಮಗ್ಗುಲಲ್ಲಿ ಹಾಸಿದ್ದ ಚಾಪೆಯ ಮೇಲೆ ಅರ್ಧ ಗಂಟೆಯ ಪರ್ಯಂತ ಮಲಗಿಬಿಡುವರು. ಅದು ಉಂಡವರ ಸುಖನಿದ್ರೆಯೆಂದೇ ಮಕ್ಕಳಾದ ನಾವು ಬಹುಕಾಲ ನಂಬಿದ್ದೆವು. ಒಂದು ಯುಗಾದಿಯ ದಿನ ಬಡಿಸುವವರ ಒತ್ತಾಯಕ್ಕೆ ಕಟ್ಟುಬಿದ್ದು ಅವರು ಎರಡು ಸೌಟು ಪಾಯಸವನ್ನು ಹೆಚ್ಚಾಗಿ ಉಂಡರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಹಣೆಯ ಮೇಲೆ ಬೆವರು ಹನಿಗಟ್ಟಿತು, ಕೈ ನಡುಗಿತು, ಎದೆ ಹೊಡೆದುಕೊಂಡಿತು, ಕಣ್ಣಿಗೆ ಕತ್ತಲೆ ಕವಿದು ಕಂಬವನ್ನು ಹಿಡಿದು ಕುಸಿದರು. ಅತ್ತೆ ಗಾಬರಿಪಡದೆ ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತುದನ್ನು ಕಂಡಾಗ, ಇದು ಆ ಮನೆಗೆ ಹೊಸದಲ್ಲವೆಂದು ನನಗೆ ತಿಳಿಯಿತು. ಯೌವನದಲ್ಲಿ ಅವರಿಗೆ ಕರುಳಿನ ಹುಣ್ಣು ಇದ್ದಿತಂತೆ. ಜೇಬಿನಲ್ಲಿ ಸದಾ ಸೋಡಾಪುಡಿಯ ಡಬ್ಬಿ. ನಡುರಾತ್ರಿಯಲ್ಲಿ ಹೊಟ್ಟೆಯನ್ನು ಒತ್ತಿ ಹಿಡಿದು ಎದ್ದು ಕುಳಿತು ತಣ್ಣನೆಯ ಹಾಲು ಕುಡಿಯುವ ಪಾಡು. ಕಡೆಗೆ ಹೊಟ್ಟೆಯನ್ನು ಕೊಯ್ದು ಜಠರದ ಮುಕ್ಕಾಲು ಪಾಲನ್ನು ತೆಗೆದರು. ಹುಣ್ಣು ಹೋಯಿತು, ಅಂದಿನಿಂದ ಊಟವೇ ಅವರಿಗೊಂದು ಸಾಹಸವಾಯಿತು. "ಆಸ್ಪತ್ರೆಯವರ ಪುಸ್ತಕದಲ್ಲಿ ನಾನು ಗುಣವಾದವನು ಕಣೋ" ಎಂದು ಅವರು ನಗುತ್ತಿದ್ದರು.

ಈ ಮಾತಿನಲ್ಲಿ ವ್ಯಂಗ್ಯಕ್ಕಿಂತ ಹೆಚ್ಚಿನದು ಇದೆಯೆಂದು ನನಗೆ ತೋರಿದುದು, ಜಠರದ ಮತ್ತು ಕರುಳಿನ ಹುಣ್ಣಿನ ಚಿಕಿತ್ಸೆಯ ಚರಿತ್ರೆಯನ್ನು ಕುತೂಹಲಕ್ಕಾಗಿ ಓದತೊಡಗಿದ ಮೇಲೆ. ಒಂದು ಚಿಕಿತ್ಸೆ ಹುಟ್ಟಿತು, ಅದನ್ನು ಕಂಡುಹಿಡಿದವನು 'ಗುಣವಾಯಿತು' ಎಂದು ಬರೆದನು, ಅದು ದೇಶದೇಶಗಳಿಗೆ ಹರಡಿತು, ಹತ್ತಿಪ್ಪತ್ತು ವರ್ಷಗಳ ಮೇಲೆ ಬೇರೊಬ್ಬನು ಅದೇ ರೋಗಿಗಳನ್ನು ಕರೆಯಿಸಿ ಕೂರಿಸಿಕೊಂಡು ಕೇಳಿದಾಗ ಆ ಚಿಕಿತ್ಸೆ ಉಳಿಸಿಹೋದ ಗಾಯ ಬೆಳಕಿಗೆ ಬಂದಿತು. ಮದ್ದನ್ನು ಕಂಡುಹಿಡಿದವರ ಹೆಸರು ಜನದ ಬಾಯಲ್ಲಿ ಉಳಿದಿದೆ. ಹೀಗೆ ಮರಳಿ ಹೋಗಿ ಕೇಳಿದವರ ಹೆಸರು ಉಳಿದಿಲ್ಲ. ನನ್ನ ಆಸ್ಥೆಯೆಲ್ಲ ಈ ಎರಡನೆಯವರಲ್ಲಿ.

ವ್ಯಾಧಿ ಹೊಸದಲ್ಲ. ಮಾಧವನಿದಾನದಲ್ಲಿ ಪರಿಣಾಮಶೂಲವೆಂಬ ಒಂದು ಶೂಲೆಯ ಪ್ರಸ್ತಾಪವಿದೆ. ಉಂಡ ಅನ್ನವು ಜೀರ್ಣವಾಗುವ ಹೊತ್ತಿಗೆ ಕಾಣಿಸಿಕೊಳ್ಳುವ ನೋವು ಎಂದು ಅದರ ಲಕ್ಷಣ. ಹುಳಿತೇಗು, ಎದೆಯುರಿಗಳನ್ನು ಮುಂದಿಟ್ಟುಕೊಂಡು ಬರುವ ಆಮ್ಲಪಿತ್ತ ಬೇರೆ. ಜಠರದಿಂದ ಹೊರಟ ಕರುಳಿನ ಮೊದಲ ತುಂಡಿಗೆ ಪ್ರಾಚೀನ ಗ್ರೀಕರು ಹನ್ನೆರಡು ಬೆರಳಗಲದ ಕರುಳೆಂದು ಹೆಸರಿಟ್ಟರು. ಡ್ಯೂಡೆನಮ್ ಎಂಬ ಇಂದಿನ ಮಾತಿಗೆ ಅದೇ ಮೂಲ. ನಮ್ಮ ದೇಶದ ದಕ್ಷಿಣಭಾಗದಲ್ಲಿ ಹುಣ್ಣು ಬಹುಮಟ್ಟಿಗೆ ಕೂರುತ್ತಿದ್ದುದು ಈ ಹನ್ನೆರಡು ಬೆರಳಗಲದಲ್ಲಿಯೇ.

ಆದರೆ ಜೀವಂತ ಮನುಷ್ಯನ ಜಠರದೊಳಕ್ಕೆ ಕಣ್ಣಿಟ್ಟು ನೋಡುವ ಭಾಗ್ಯ, ಅಥವಾ ದೌರ್ಭಾಗ್ಯ, ಮೊದಲು ಒದಗಿದುದು ಉತ್ತರ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ. 1822ರ ಜೂನ್ 6ರಂದು ತುಪ್ಪುಳಿನ ಚರ್ಮದ ವ್ಯಾಪಾರದ ಕಂಪನಿಯ ಅಂಗಡಿಯಲ್ಲಿ ಆಕಸ್ಮಿಕವಾಗಿ ಹಾರಿದ ಬಂದೂಕಿನ ಗುಂಡು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ದೋಣಿಯಾಳಿನ ಎಡಪಕ್ಕೆಯನ್ನು ಒಡೆದುಕೊಂಡು ಹೋಯಿತು. ದಂಡಿನ ವೈದ್ಯನಾದ ವಿಲಿಯಂ ಬೋಮಾಂಟನು ಆತನನ್ನು ಬದುಕಿಸಿದನು. ಗಾಯವೇನೋ ಮಾಯಿತು, ಆದರೆ ಜಠರದ ರಂಧ್ರವು ಹೊರಚರ್ಮಕ್ಕೆ ಅಂಟಿಕೊಂಡು ಮುಚ್ಚದ ಕಿಟಕಿಯಂತೆ ಉಳಿಯಿತು. 1825ರ ಆಗಸ್ಟ್ 1ರ ಮಧ್ಯಾಹ್ನ ಹನ್ನೆರಡು ಗಂಟೆಗೆ ಬೋಮಾಂಟನು ಮಾಂಸದ ನಾಲ್ಕು ಬಗೆಯ ತುಂಡುಗಳನ್ನೂ ಒಣಬ್ರೆಡ್ಡಿನ ಚೂರನ್ನೂ ಹಸಿಯ ಎಲೆಕೋಸನ್ನೂ ರೇಷ್ಮೆದಾರಕ್ಕೆ ಕಟ್ಟಿ, ನಾವು ಬಾವಿಗೆ ಕೊಡ ಇಳಿಯಬಿಡುವಂತೆ, ಆ ರಂಧ್ರದಲ್ಲಿ ಇಳಿಯಬಿಟ್ಟನು. ಒಂದು ಗಂಟೆಗೆ ಎಳೆದು ನೋಡಿದಾಗ ಕೋಸೂ ಬ್ರೆಡ್ಡೂ ಅರ್ಧ ಕರಗಿದ್ದವು, ಮಾಂಸ ಹಾಗೆಯೇ ಇದ್ದಿತು. ಮತ್ತೆ ಇಳಿಯಬಿಟ್ಟನು, ಮತ್ತೆ ಎಳೆದನು. ಮೂರು ಗಂಟೆಯ ವೇಳೆಗೆ ಸೇಂಟ್ ಮಾರ್ಟಿನನು ಹೊಟ್ಟೆಯಲ್ಲಿ ಸಂಕಟವೆಂದನು. ಮರುದಿನ ಸಂಕಟ ಹೆಚ್ಚಲು, ವೈದ್ಯನು ಪಾದರಸದ ಗುಳಿಗೆಗಳನ್ನು ಬಾಯಿಂದ ಕೊಡುವ ಗೋಜಿಗೆ ಹೋಗದೆ ಅದೇ ಕಿಟಕಿಯಿಂದ ಒಳಕ್ಕೆ ಹಾಕಿದನು. ಪ್ರಯೋಗದಿಂದ ಕೆಟ್ಟ ಹೊಟ್ಟೆಗೆ ಪ್ರಯೋಗದ ದಾರಿಯಿಂದಲೇ ಮದ್ದು!

ಈ ಪ್ರಯೋಗಗಳು 1833ರಲ್ಲಿ ಗ್ರಂಥರೂಪದಲ್ಲಿ ಬಂದುವು. ಜೀರ್ಣವು ಕುದಿಸುವುದೂ ಅಲ್ಲ, ಅರೆಯುವುದೂ ಅಲ್ಲ, ಆಮ್ಲರಸದ ರಸಾಯನಕ್ರಿಯೆ ಎಂಬುದು ಅವುಗಳಿಂದ ಸ್ಥಿರಪಟ್ಟಿತು. ಆ ಆಮ್ಲವು ಹೈಡ್ರೋಕ್ಲೋರಿಕ್ ಆಮ್ಲವೆಂದು ಲಂಡನ್ನಿನ ವಿಲಿಯಂ ಪ್ರೌಟನು ಅದಕ್ಕೆ ಮುಂಚೆಯೇ ತೋರಿಸಿದ್ದನು. ಸೇಂಟ್ ಮಾರ್ಟಿನನ ಪಾಲಿಗೆ ಬಂದುದು ಮಾತ್ರ ವರ್ಷಕ್ಕೆ 150 ಡಾಲರಿನ ಸಂಬಳದ ಕರಾರು, ಮೇಲೆ ಊಟ ಬಟ್ಟೆ. ಆತನು ತನ್ನ ವೈದ್ಯನಿಗಿಂತ ಇಪ್ಪತ್ತೇಳು ವರ್ಷ ಹೆಚ್ಚಾಗಿ ಬದುಕಿ 1880ರಲ್ಲಿ ತೀರಿಕೊಂಡಾಗ, ವೈದ್ಯರು ಬಂದು ಆ ಜಠರವನ್ನು ಒಯ್ದಾರೆಂಬ ಭಯದಿಂದ ಮನೆಯವರು ಹೆಣವನ್ನು ಬಿಸಿಲಲ್ಲಿ ಕೊಳೆಯಲು ಬಿಟ್ಟು, ಅನಂತರ ಎಂಟಡಿ ಆಳದಲ್ಲಿ ಹೂಳಿದರು. ಸಂಶೋಧನೆಗೆ ಒಡಲನ್ನು ಕೊಟ್ಟವನ ಮನೆಯವರು ಅದರ ಬಗ್ಗೆ ಏನೆಂದುಕೊಂಡಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸನ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಆಮ್ಲವಿಲ್ಲದಲ್ಲಿ ಹುಣ್ಣಿಲ್ಲವೆಂಬ ಸೂತ್ರವನ್ನು ಜಾಗ್ರೆಬ್ ನಗರದ ಕಾರ್ಲ್ ಶ್ವಾರ್ಟ್ಸನು 1910ರಲ್ಲಿ ಹೇಳಿದನು. ಆದರೆ ಶಸ್ತ್ರವೈದ್ಯರು ಸೂತ್ರಕ್ಕಾಗಿ ಕಾದಿರಲಿಲ್ಲ. ವಿಯೆನ್ನಾದ ಬಿಲ್‌ರೋಟನು 1881ರ ಜನವರಿ 29ರಂದು ಅರ್ಬುದ ಹಿಡಿದ ಜಠರದ ತುದಿಯನ್ನು ಕತ್ತರಿಸಿ ಹೊಲಿದು ರೋಗಿಯನ್ನು ಮೇಜಿನಿಂದ ಜೀವಸಹಿತ ಇಳಿಸಿದನು. ಆಕೆ ನಾಲ್ಕು ತಿಂಗಳು ಬದುಕಿದಳು. ಅದೇ ವರ್ಷದ ನವೆಂಬರಿನಲ್ಲಿ ಪೋಲಿಷ್ ವೈದ್ಯನಾದ ರಿಡಿಗಿಯೆರನು ಹುಣ್ಣಿಗಾಗಿಯೇ ಜಠರವನ್ನು ಕತ್ತರಿಸಿದನು, ರೋಗಿಯ ಪ್ರಾಣ ಉಳಿಯಿತು. ಆ ವರದಿಯನ್ನು ಅಚ್ಚುಮಾಡಿದ ಜರ್ಮನ್ ಪತ್ರಿಕೆಯ ಸಂಪಾದಕರು, ಇಂಥ ಶಸ್ತ್ರಕ್ರಿಯೆಯಲ್ಲಿ ಇದೇ ಕಡೆಯದಾಗಲೆಂಬ ಅರ್ಥ ಬರುವ ಟಿಪ್ಪಣಿಯೊಂದನ್ನು ಅಡಿಯಲ್ಲಿ ಸೇರಿಸಿದರು. ಕಡೆಯದಾಗಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಬಿಲ್‌ರೋಟನ ಶಿಷ್ಯ ವೋಲ್ಫ್ಲರನು ಇನ್ನೊಂದು ಸುಲಭದ ದಾರಿ ಕಂಡನು: ಜಠರವನ್ನು ಕತ್ತರಿಸದೆ ಅದರ ಗೋಡೆಗೂ ಕೆಳಗಿನ ಕರುಳಿಗೂ ಒಂದು ಹೊಸ ಬಾಗಿಲನ್ನು ತೆರೆದು, ಅನ್ನವು ರೋಗ ಹಿಡಿದ ಜಾಗವನ್ನು ಮುಟ್ಟದೆ ಹೋಗುವಂತೆ ಅಡ್ಡಹಾದಿ ಮಾಡುವುದು. ಕೆರೆಯ ತೂಬು ಕಟ್ಟಿದಾಗ ಏರಿಯ ಮಗ್ಗುಲಲ್ಲಿ ಕೋಡಿ ಕಡಿಯುವಂತೆ. ಲೀಡ್ಸಿನ ಮೊಯ್ನಿಹಾನನು ಈ ಕೋಡಿಯನ್ನು ಇಂಗ್ಲೆಂಡಿನಲ್ಲಿ ಬಳಕೆಗೆ ತಂದನು. ಹೊಟ್ಟೆ ಹಸಿದಾಗ ಬರುವ, ಉಂಡರೆ ಶಮನವಾಗುವ ನೋವೇ ಡ್ಯೂಡೆನಮ್ ಹುಣ್ಣಿನ ಗುರುತೆಂದು ಸಾರಿದವನೂ ಅವನೇ. ಆದರೆ ಆಮ್ಲವು ಮೊದಲಿನಷ್ಟೇ ಊರುತ್ತಿತ್ತು. ಕೋಡಿಯ ಬಾಯಲ್ಲಿಯೇ, ಆಮ್ಲವನ್ನು ಎಂದೂ ಕಂಡರಿಯದ ಕರುಳಿನ ಮೆತ್ತನೆಯ ಒಳಪದರದಲ್ಲಿ, ಹೊಸ ಹುಣ್ಣು ಏಳತೊಡಗಿತು. ಇದನ್ನು 1899ರಲ್ಲಿಯೇ ಬ್ರೌನ್ ಎಂಬ ಜರ್ಮನ್ ವೈದ್ಯನು ಗುರುತಿಸಿ ಬರೆದಿದ್ದನು. ಬರೆದ ಮೇಲೆಯೂ ಮೂರು ನಾಲ್ಕು ದಶಕಗಳ ಪರ್ಯಂತ ಜಗತ್ತಿನೆಲ್ಲೆಡೆ ಕೋಡಿ ಕಡಿಯುವ ಕೆಲಸ ನಿರಾತಂಕವಾಗಿ ನಡೆಯಿತು.

ಇತ್ತ ತಿರುವಾಂಕೂರಿನ ನೆಯ್ಯೂರಿಗೆ 1922ರಲ್ಲಿ ಒಬ್ಬ ಇಂಗ್ಲಿಷ್ ಶಸ್ತ್ರವೈದ್ಯನು ಬಂದನು. ಥಿಯೋಡರ್ ಹೋವರ್ಡ್ ಸೋಮರ್ವೆಲ್ ಎಂದು ಹೆಸರು. ಎವರೆಸ್ಟನ್ನು ಹತ್ತಲು ಹೊರಟ ತಂಡದಲ್ಲಿ ಅವನು ಇದ್ದನು. ಹತ್ತಲಾಗದೆ ಹಿಂದಿರುಗುವಾಗ ದಕ್ಷಿಣವನ್ನು ನೋಡುತ್ತ ನೆಯ್ಯೂರಿನ ಮಿಷನ್ ಆಸ್ಪತ್ರೆಗೆ ಬಂದು, ಅಲ್ಲಿ ಕಾದು ಕುಳಿತಿದ್ದ ರೋಗಿಗಳ ಸಾಲನ್ನೂ ಒಬ್ಬಂಟಿಯಾಗಿ ದಣಿದಿದ್ದ ವೈದ್ಯನನ್ನೂ ಕಂಡು, ಲಂಡನ್ನಿನಲ್ಲಿ ತನಗಾಗಿ ಕಾದಿದ್ದ ವೃತ್ತಿಯನ್ನು ಬಿಟ್ಟು ಇಲ್ಲಿಯೇ ನಿಂತನು. 1924ರಲ್ಲಿ ಮತ್ತೊಮ್ಮೆ ಎವರೆಸ್ಟಿಗೆ ಹೋಗಿ, ಸುಮಾರು 28,000 ಅಡಿಯೆತ್ತರಕ್ಕೇರಿ ಇಳಿಯುವಾಗ, ಗಂಟಲ ಒಳಪದರವೇ ಕಳಚಿ ಉಸಿರು ಕಟ್ಟಿ ಸಾಯುವ ಅಂಚಿಗೆ ಬಂದು, ಅದನ್ನು ಕೆಮ್ಮಿ ಉಗುಳಿ ಬದುಕಿಕೊಂಡನೆಂಬುದು ಪರ್ವತಾರೋಹಿಗಳಲ್ಲಿ ಪ್ರಸಿದ್ಧವಾದ ಸಂಗತಿ. ನೆಯ್ಯೂರಿನಲ್ಲಿ ಅವನು ಕಂಡುದು ಹುಣ್ಣಿನ ಒಂದು ಸೀಮೆಯನ್ನೇ. ಮರಗೆಣಸು, ಅಕ್ಕಿ, ಮೆಣಸಿನಕಾಯಿ ಇವಿಷ್ಟರಲ್ಲಿ ದಿನ ನೂಕುತ್ತಿದ್ದ ಕೂಲಿಕಾರರು, ಹುಣ್ಣು ಮಾಗಿ ಕಲೆಗಟ್ಟಿ ಜಠರದ ಬಾಗಿಲೇ ಮುಚ್ಚಿಹೋಗಿ, ನಿನ್ನೆ ಉಂಡುದನ್ನು ಇಂದು ವಾಂತಿ ಮಾಡುತ್ತ, ಎಲುಬಿನ ಹಂದರವಾಗಿ ನಡೆದು ಬರುತ್ತಿದ್ದರು. ಇಂಥವನಿಗೆ ಕೋಡಿ ಕಡಿಯುವುದು ಪ್ರಾಣದಾನವೇ ಸರಿ. ಸೋಮರ್ವೆಲನೂ ಅವನ ಜೊತೆಗಾರ ಇಯಾನ್ ಆರನೂ ಮಾಡಿದ ಶಸ್ತ್ರಕ್ರಿಯೆಗಳು ನೂರುಗಳಲ್ಲಿ ಅಲ್ಲ, ಸಾವಿರಗಳ ಲೆಕ್ಕದಲ್ಲಿ. ಆ ಅನುಭವವನ್ನು ಅವರು 1936ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಶಸ್ತ್ರಕ್ರಿಯೆಯು ಲೀಡ್ಸಿನಲ್ಲಿ ಒಂದು ಫಲವನ್ನೂ ನೆಯ್ಯೂರಿನಲ್ಲಿ ಇನ್ನೊಂದು ಫಲವನ್ನೂ ಕೊಡಬಲ್ಲುದೆಂಬುದು ಈ ಚರಿತ್ರೆಯಲ್ಲಿ ಸುಲಭವಾಗಿ ಮರೆತುಹೋಗುವ ವಿಷಯ.

ಅದೇ ಕಾಲಕ್ಕೆ ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ದೇಶದೇಶದ ಊಟವನ್ನು ಬಡಿಸುತ್ತಿದ್ದನು. ಒಂದು ಗುಂಪಿಗೆ ಸಿಖ್ಖರ ಚಪಾತಿ, ಬೆಣ್ಣೆ, ಹಾಲು, ಬೇಳೆ, ತರಕಾರಿ. ಇನ್ನೊಂದಕ್ಕೆ ಮದರಾಸಿನ ಅನ್ನದ ಊಟ. ಮತ್ತೊಂದಕ್ಕೆ ತಿರುವಾಂಕೂರಿನ ಬಡವರ ಮರಗೆಣಸು. ಸಿಖ್ಖರ ಊಟದ ಇಲಿಗಳು ಪುಷ್ಟಿಯಾಗಿ ಬೆಳೆದುವು. ತಿರುವಾಂಕೂರಿನ ಊಟದ ಇಲಿಗಳ ಜಠರದಲ್ಲಿ ಹುಣ್ಣುಗಳು ಕಂಡುವು.

ಶಸ್ತ್ರಕ್ಕೆ ಅಂಜುವವರಿಗೆ ಹಾಲಿನ ದಾರಿಯೊಂದು ಇದ್ದಿತು. ಷಿಕಾಗೋದ ಬರ್ಟ್ರಂ ಸಿಪ್ಪಿಯು 1915ರಲ್ಲಿ ಸೂಚಿಸಿದ ಕ್ರಮದಂತೆ ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿ, ಬೆಳಗಿನ ಏಳರಿಂದ ಸಂಜೆಯ ಏಳರ ತನಕ ಗಂಟೆಗೊಮ್ಮೆ ಹಾಲು ಕೆನೆಗಳನ್ನು ಸಮಸಮವಾಗಿ ಬೆರೆಸಿ ಮೂರು ಔನ್ಸು ಕುಡಿಸುವುದು, ನಡುನಡುವೆ ಸೋಡಾ, ಮೆಗ್ನೀಷಿಯಾ, ಬಿಸ್ಮತ್ತುಗಳ ಪುಡಿ ಕೊಡುವುದು. ಕೇಳಲು ತಾಯಿಯ ಆರೈಕೆಯಂತಿರುವ ಈ ಕ್ರಮದಿಂದ ಯಾರಿಗೆ ಏನು ಕೆಡುಕಾದೀತು? ಆದರೆ 1923ರ ವೇಳೆಗೆ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರಿಬ್ಬರು, ಕ್ಷಾರದ ಪುಡಿ ತಿಂದವರಲ್ಲಿ ತಲೆನೋವು, ವಾಕರಿಕೆ, ಮಂಕು, ಮೂತ್ರಪಿಂಡದ ದೌರ್ಬಲ್ಯ ಕಾಣುತ್ತಿದೆಯೆಂದು ಬರೆದರು. ಹಾಲಿನ ಸುಣ್ಣವೂ ಪುಡಿಯ ಕ್ಷಾರವೂ ಕೂಡಿ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸುವ ಬಗೆ 1949ರಲ್ಲಿ ಇನ್ನೂ ವಿಶದವಾಯಿತು. 1960ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಶವಪರೀಕ್ಷೆಗಳ ದಾಖಲೆಗಳನ್ನು ಕೆದಕಿದವರಿಗೆ, ಹುಣ್ಣಿಗೆಂದು ಹಾಲುಕೆನೆ ಕುಡಿದವರಲ್ಲಿ ಹೃದಯಾಘಾತ ಹೆಚ್ಚೆಂದು ತೋರಿತು. ನಮ್ಮ ಮಾವನವರ ಡಬ್ಬಿಯ ಸೋಡಾಪುಡಿಯೂ ನಡುರಾತ್ರಿಯ ಹಾಲೂ ಈ ಷಿಕಾಗೋದ ಕ್ರಮದ ದೂರದ ಬಳಗವೇ.

ಇಲ್ಲಿಂದ ಮುಂದಕ್ಕೆ ನಾನು ಮೆಚ್ಚುವ ಜನ ಬರುತ್ತಾರೆ. ಲಂಡನ್ನಿನ ಸೆಂಟ್ರಲ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏವರಿ ಜೋನ್ಸನ ಆಶ್ರಯದಲ್ಲಿ ಕೆಲಸಮಾಡುತ್ತಿದ್ದ ರಿಚರ್ಡ್ ಡಾಲ್, ಹೊಗೆಸೊಪ್ಪಿನ ಅಪಾಯವನ್ನು ಎತ್ತಿತೋರಿಸಿ ಲೋಕಪ್ರಸಿದ್ಧನಾದವನು. ಆದರೆ ಹುಣ್ಣಿನ ಚಿಕಿತ್ಸೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಿದ ಅವನ ಕೆಲಸವನ್ನು ನೆನೆಯುವವರು ಕಡಿಮೆ. ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಮಾಡಿ, ಒಬ್ಬನಿಗೆ ಒಂದು ಕ್ರಮ ಇನ್ನೊಬ್ಬನಿಗೆ ಇನ್ನೊಂದು ಕ್ರಮವೆಂದು ನಿಯಮಿಸಿ, ಕ್ಷಕಿರಣದ ಚಿತ್ರದಲ್ಲಿ ಹುಣ್ಣಿನ ಗಾತ್ರವನ್ನು ಅಳೆದನು. ಆಸ್ಪತ್ರೆಯಲ್ಲಿ ಮಲಗಿ ವಿಶ್ರಮಿಸಿದರೆ ಜಠರದ ಹುಣ್ಣು ಬೇಗ ಮಾಯುವುದು ನಿಜ. ಸಿಗರೇಟು ಬಿಟ್ಟರೂ ಮಾಯುವುದು ನಿಜ. ಆದರೆ ತಲೆಮಾರುಗಳಿಂದ ರೋಗಿಗಳ ನಾಲಗೆಯನ್ನು ಶಿಕ್ಷಿಸುತ್ತಿದ್ದ ಸಪ್ಪೆಯೂಟ, ಬೇಯಿಸಿ ಸೋಸಿ ಮೆತ್ತಗೆಮಾಡಿದ ಪಥ್ಯ, ಅದರಿಂದ ಹುಣ್ಣು ಒಂದು ದಿನವೂ ಮೊದಲು ಮಾಯಲಿಲ್ಲವೆಂದು 1956ರಲ್ಲಿ ಪ್ರಕಟವಾಯಿತು. ಮಜ್ಜಿಗೆಯನ್ನಕ್ಕೆ ಒಗ್ಗರಣೆ ಕೂಡ ಬೇಡವೆಂದು ನಮ್ಮ ಮನೆಗಳಲ್ಲಿ ಆಮೇಲೆಯೂ ದಶಕಗಟ್ಟಲೆ ಅಪ್ಪಣೆಯಾಗುತ್ತಿದ್ದುದನ್ನು ನೆನೆದರೆ, ಕೆಟ್ಟ ಸುದ್ದಿಯಂತೆ ಒಳ್ಳೆಯ ಸುದ್ದಿ ಓಡುವುದಿಲ್ಲವೆಂದು ತೋರುತ್ತದೆ.

ಜೇಷ್ಠಮಧುವಿನ ಪ್ರಸಂಗ ಇದೇ ಕಾಲದ್ದು. ಗಂಟಲು ಕಟ್ಟಿದರೆ ಬಾಯಲ್ಲಿ ಹಾಕಿಕೊಂಡು ಚಪ್ಪರಿಸುವ ಆ ಸಿಹಿಬೇರು ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಎಂದಿನಿಂದಲೂ ಉಂಟು. ಹಾಲೆಂಡಿನ ಊರೊಂದರಲ್ಲಿ ಔಷಧದಂಗಡಿಯವನೊಬ್ಬನು ಮಾರುತ್ತಿದ್ದ ಜೇಷ್ಠಮಧುವಿನ ಲೇಹ್ಯದಿಂದ ಹೊಟ್ಟೆಹುಣ್ಣಿನವರು ಸುಧಾರಿಸುತ್ತಿರುವುದನ್ನು ರೇವರ್ಸ್ ಎಂಬ ವೈದ್ಯನು ಕಂಡು 1946ರಲ್ಲಿ ವರದಿ ಮಾಡಿದನು. ಜೊತೆಯಲ್ಲಿಯೇ, ತಿಂದವರಲ್ಲಿ ಐವರಿಗೊಬ್ಬರಂತೆ ಮುಖಕಾಲುಗಳು ಊದುತ್ತಿವೆಯೆಂಬುದನ್ನೂ ಮರೆಮಾಚದೆ ಬರೆದನು. ಆ ಬೇರಿನ ಸಾರದಿಂದ ಇಂಗ್ಲೆಂಡಿನಲ್ಲಿ ಕಾರ್ಬೆನಾಕ್ಸಲೋನ್ ಎಂಬ ಔಷಧ ತಯಾರಾಯಿತು. ಡಾಲ್ ಅದನ್ನೂ ಪರೀಕ್ಷಿಸಿದನು: ಹುಣ್ಣು ಬೇಗ ಮಾಯುವುದು ದಿಟ, ಆದರೆ ದೇಹದಲ್ಲಿ ಉಪ್ಪುನೀರು ನಿಲ್ಲುವುದೂ ಪೊಟ್ಯಾಸಿಯಂ ಸೋರಿಹೋಗುವುದೂ ಅಷ್ಟೇ ದಿಟ. ಗುಣವೂ ದೋಷವೂ ಒಂದೇ ಪುಟದಲ್ಲಿ ಬರೆಯಲ್ಪಟ್ಟ ಮದ್ದುಗಳು ಆ ಕಾಲಕ್ಕೆ ಬಹಳ ಇರಲಿಲ್ಲ.

ಇನ್ನೊಬ್ಬನು ಯಾರ್ಕ್ ಪಟ್ಟಣದ ಹೆಡ್ಲಿ ವಿಸಿಕ್. ಈತನು ಜಠರವನ್ನು ಕತ್ತರಿಸುವುದರಲ್ಲಿ ಕೈಪಳಗಿದವನು. ಆದರೆ ಕತ್ತರಿಸಿ ಕಳುಹಿಸಿಬಿಡದೆ ಆ ರೋಗಿಗಳಿಗಾಗಿಯೇ ಒಂದು ಮರುಭೇಟಿಯ ಚಿಕಿತ್ಸಾಲಯವನ್ನು ನಡೆಸಿ, ವರ್ಷವರ್ಷವೂ ಅವರನ್ನು ಕರೆಯಿಸಿ, ಉಂಡರೆ ಏನಾಗುತ್ತದೆ, ತೂಕ ಎಷ್ಟಿದೆ, ಕೆಲಸಕ್ಕೆ ಹೋಗುತ್ತೀಯಾ ಎಂದು ವಿಚಾರಿಸಿ ನಾಲ್ಕು ತರಗತಿಗಳಲ್ಲಿ ಬರೆದಿಟ್ಟನು. ಯಾವ ತೊಂದರೆಯೂ ಇಲ್ಲದವರು ಮೊದಲನೆಯದರಲ್ಲಿ. ಶಸ್ತ್ರಕ್ರಿಯೆ ವ್ಯರ್ಥವಾಯಿತೆನ್ನುವವರು ನಾಲ್ಕನೆಯದರಲ್ಲಿ. 1948ರಲ್ಲಿ ಅವನು ಇದನ್ನು ಪ್ರಕಟಿಸಿದಾಗ ಉಪನ್ಯಾಸಕ್ಕಿಟ್ಟ ಹೆಸರು, ಜಠರ ತೆಗೆದ ಮೇಲಣ ವೈಫಲ್ಯಗಳ ಅಧ್ಯಯನವೆಂದು. ತನ್ನ ಕೈಯಿಂದಲೇ ಆದ ವೈಫಲ್ಯಗಳನ್ನು ಎಣಿಸಿ ಸಭೆಯಲ್ಲಿ ಓದುವುದಕ್ಕೆ ಕತ್ತಿ ಹಿಡಿಯುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು. ಉಂಡೊಡನೆ ಬೆವರುವುದು, ತಲೆಸುತ್ತು, ಭೇದಿ; ವರ್ಷಗಳು ಕಳೆದ ಮೇಲೆ ರಕ್ತಹೀನತೆ, ಎಲುಬು ಮೆತ್ತಗಾಗುವುದು, ಕೆಲವರಲ್ಲಿ ಅಡಗಿದ್ದ ಕ್ಷಯ ಮೇಲೇಳುವುದು: ಜಠರ ಕಳೆದುಕೊಂಡವರ ಈ ಕಷ್ಟಗಳೆಲ್ಲ ವ್ಯವಸ್ಥಿತವಾಗಿ ತಿಳಿದುಬಂದುದು ಇಂಥ ಮರುಭೇಟಿಗಳಿಂದಲೇ. ಷಿಕಾಗೋದ ಡ್ರಾಗ್‌ಸ್ಟೆಟ್ 1943ರಲ್ಲಿ ಜಠರಕ್ಕೆ ಹೋಗುವ ವೇಗಸ್ ನರವನ್ನೇ ಕತ್ತರಿಸಿ ಆಮ್ಲವನ್ನು ತಗ್ಗಿಸುವ ಹೊಸ ದಾರಿ ತೆರೆದಿದ್ದನು. ಯಾವುದು ಮೇಲು? ಲೀಡ್ಸಿನ ಗೋಲಿಗರನೂ ಅವನ ಸಂಗಡಿಗರೂ ಲೀಡ್ಸ್ ಯಾರ್ಕ್‌ಗಳೆರಡರಲ್ಲಿಯೂ ರೋಗಿಗಳನ್ನು ಅದೃಷ್ಟದ ಚೀಟಿಯಂತೆ ಹಂಚಿ, ಯಾರಿಗೆ ಯಾವ ಶಸ್ತ್ರಕ್ರಿಯೆಯಾಗಿದೆಯೆಂಬುದನ್ನು ಅರಿಯದ ವೈದ್ಯರಿಂದ ಐದರಿಂದ ಎಂಟು ವರ್ಷಗಳ ಮೇಲೆ ಪರೀಕ್ಷೆ ಮಾಡಿಸಿ, 1968ರಲ್ಲಿ ಫಲವನ್ನು ಮುಂದಿಟ್ಟರು. ಹುಣ್ಣು ಮರುಕಳಿಸುವುದು ಒಂದರಲ್ಲಿ ಕಡಮೆ, ಇನ್ನೊಂದರಲ್ಲಿ ಹೆಚ್ಚು. ಒಟ್ಟಿನಲ್ಲಿ ರೋಗಿಯ ಸುಖದುಃಖವನ್ನು ತೂಗಿದರೆ ಯಾವುದೂ ಎದ್ದುಕಾಣುವಷ್ಟು ಮೇಲಲ್ಲ. ತಮ್ಮ ತಮ್ಮ ಕ್ರಮಕ್ಕಾಗಿ ಸಮ್ಮೇಳನಗಳಲ್ಲಿ ಕೈ ಕೈ ಮಿಲಾಯಿಸುವಷ್ಟು ವಾದಿಸುತ್ತಿದ್ದವರಿಗೆ ಇದು ತಣ್ಣೀರೆರಚಿದಂತಾಗಿರಬೇಕು.

ತಣ್ಣೀರೆಂದೊಡನೆ ನೆನಪಾಗುವುದು ಮಿನೆಸೋಟದ ಓವೆನ್ ವಾಂಗೆನ್‌ಸ್ಟೀನ್. ಪ್ರಸಿದ್ಧನಾದ, ನಿಜಕ್ಕೂ ದೊಡ್ಡವನಾದ ಈ ಶಸ್ತ್ರವೈದ್ಯನು 1962ರಲ್ಲಿ ಕತ್ತಿಯೇ ಬೇಡವೆಂದನು: ರೋಗಿಗೆ ಒಂದು ಬಲೂನನ್ನು ನುಂಗಿಸಿ, ಅದರೊಳಗೆ ಸೊನ್ನೆಗಿಂತ ಕೆಳಗಿನ ಉಷ್ಣಾಂಶದ ದ್ರವವನ್ನು ಗಂಟೆಯ ಹೊತ್ತು ಹರಿಯಿಸಿದರೆ ಜಠರವು ಹೆಪ್ಪುಗಟ್ಟಿ ಆಮ್ಲ ಸ್ರವಿಸುವ ಶಕ್ತಿಯನ್ನು ಕಳೆದುಕೊಳ್ಳುವುದು. ನೋವು ನಿಂತಿತೆಂದು ರೋಗಿಗಳು ಸಂತೋಷಪಟ್ಟರು. ಯಂತ್ರಗಳು ಅಮೆರಿಕದ ಊರೂರುಗಳಿಗೆ ಹೋದುವು. ರಕ್ತಸ್ರಾವವಾದ, ಜಠರದ ಗೋಡೆ ಸತ್ತುಹೋದ ಸುದ್ದಿಗಳು ಒಂದೊಂದಾಗಿ ಬಂದರೂ ಉತ್ಸಾಹ ತಗ್ಗಲಿಲ್ಲ. ಕಡೆಗೆ ರಫಿನ್ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ 160 ಮಂದಿಯನ್ನು ಆರಿಸಿ, 82 ಮಂದಿಯ ಜಠರವನ್ನು ತಣಿಸಿದರು. 78 ಮಂದಿಗೆ ಅದೇ ಬಲೂನು, ಅದೇ ಕೊಳವೆ, ಅದೇ ಯಂತ್ರದ ಗುಂಯ್‌ಗಾಟ, ಆದರೆ ಒಳಗೆ ಹರಿದುದು ಮೈಯ ಬಿಸಿಯಷ್ಟೇ ಬಿಸಿಯುಳ್ಳ ದ್ರವ. ತಣಿಸಿಕೊಂಡವರಲ್ಲಿ 28 ಮಂದಿ ಸುಧಾರಿಸಿದರು. ಬರಿಯ ಬಲೂನನ್ನು ನುಂಗಿದವರಲ್ಲಿ 30 ಮಂದಿ. 1969ರಲ್ಲಿ ಇದು ಪ್ರಕಟವಾಯಿತು, ಯಂತ್ರಗಳು ಉಗ್ರಾಣ ಸೇರಿದುವು.

ಈ ದೊಡ್ಡ ಊರುಗಳ ಗದ್ದಲದ ನಡುವೆ ಮೈಸೂರಿನ ಒಂದು ಆಸ್ಪತ್ರೆಯ ಮಾತನ್ನು ಹೇಳದಿದ್ದರೆ ನನ್ನ ಲೇಖನಿ ಮುಂದುವರಿಯದು. ಮಂಡಿಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಬರಿಯ ಮಿಷನ್ ಆಸ್ಪತ್ರೆ, 1906ರಲ್ಲಿ ಆರಂಭವಾದುದು. ಅಲ್ಲಿ 1950, 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಶಸ್ತ್ರವೈದ್ಯನು ಇದ್ದನು. ಕುಷ್ಠದಿಂದ ಕೈಕಾಲು ಮುರುಟಿದವರಿಗೆ ಶಸ್ತ್ರಕ್ರಿಯೆಯಿಂದ ಬೆರಳಾಡುವಂತೆ ಮಾಡಿದವನು. ಮೈಸೂರಿನ ಮೇಜಿನ ಮೇಲೆ ಡ್ಯೂಡೆನಮ್ ಹುಣ್ಣಿನವರು ಬಂದು ಬಂದು ಮಲಗುತ್ತಿರಲು, ಇದೇ ದೇಶದ ಪಂಜಾಬಿನ ಕಡೆ ಈ ರೋಗ ಅಷ್ಟಾಗಿ ಇಲ್ಲವೇಕೆ ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಇಂಗ್ಲೆಂಡಿಗೆ ಮರಳಿದ ಮೇಲೂ ಬಿಡಲಿಲ್ಲ. ಆಸ್ಪತ್ರೆಗಳನ್ನು ವಿಚಾರಿಸಿ, ಭಾರತ ಬಾಂಗ್ಲಾದೇಶಗಳ ಹುಣ್ಣಿನ ಭೂಪಟವನ್ನೇ ಅವನು 1979ರಲ್ಲಿ ಮುಂದಿಟ್ಟನು. ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿ ಮತ್ತು ಮರಗೆಣಸಿನ ಸೀಮೆಯಲ್ಲಿ ಹುಣ್ಣು ಹೆಚ್ಚು. ತೌಡು ತೆಗೆಯದ ಗೋಧಿ, ಕೆಲವು ಸಿರಿಧಾನ್ಯ, ಕೆಲವು ಬೇಳೆಕಾಳುಗಳ ಸೀಮೆಯಲ್ಲಿ ಕಡಮೆ. ಆ ಕಾಳುಗಳಲ್ಲಿ ಹುರಳಿಯೂ ಒಂದು. ಅದರ ಜಿಡ್ಡಿನ ಅಂಶವು ಇಲಿಗಳನ್ನು ಹುಣ್ಣಿನಿಂದ ಕಾಪಾಡಿತೆಂದು ಅವನ ಜೊತೆಗಾರರು ಪ್ರಯೋಗದಲ್ಲಿ ಕಂಡರು. ಮುದ್ದೆಯ ಮೇಲೆ ಹುರಳಿಸಾರು ಸುರಿದುಕೊಂಡು ಉಣ್ಣುವ ನಮ್ಮ ಬಯಲುಸೀಮೆಯ ರೈತನಿಗೆ ಈ ಮಾತನ್ನು ಹೇಳಿದರೆ, ಇದಕ್ಕೆ ಇಲಿ ಬೇಕಾಗಿತ್ತೆ ಎಂದಾನು.

ರೈಲ್ವೆಯ ವೈದ್ಯನಾಗಿದ್ದ ಎಸ್. ಎಲ್. ಮಲ್ಹೋತ್ರನು ಇದೇ ಜಾಡನ್ನು ಇನ್ನೊಂದು ಬಗೆಯಲ್ಲಿ ಹಿಡಿದವನು. ರೈಲ್ವೆ ನೌಕರರಿಗೆ ಸಂಬಳ, ಕೆಲಸ, ವೈದ್ಯಸೌಕರ್ಯ ದೇಶದ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ, ಬೇರೆಯಾಗಿರುವುದು ಊಟ. ರೊಟ್ಟಿಯನ್ನು ಅಗಿಯಲೇಬೇಕು, ಅನ್ನವನ್ನು ನುಂಗಬಹುದು; ಅಗಿದರೆ ಜೊಲ್ಲು ಬೆರೆತು ಆಮ್ಲವನ್ನು ತಡೆಯುವುದೆಂದು ಅವನ ತರ್ಕ. ಹುಣ್ಣು ಮಾಯ್ದ 42 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಅನ್ನವನ್ನೂ ಅರ್ಧದಷ್ಟು ಜನಕ್ಕೆ ತೌಡುಳ್ಳ ಗೋಧಿಯನ್ನೂ ಕೊಟ್ಟು ಐದು ವರ್ಷ ಕಾದಾಗ, ಅನ್ನದವರಲ್ಲಿ ಶೇಕಡ 81ರಷ್ಟು ಜನರಿಗೆ, ಗೋಧಿಯವರಲ್ಲಿ ಶೇಕಡ 14ರಷ್ಟು ಜನರಿಗೆ ಹುಣ್ಣು ಮರಳಿತು. ಸಣ್ಣ ಪ್ರಯೋಗ, ನಿಜ. ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೆ ಬಾಣಲೆಯೂ ಬಟ್ಟಲೂ ರೋಗದಲ್ಲಿ ಪಾಲುಗಾರರೇ ಎಂದು ಕೇಳುವ ಜನ ಆ ಮುಂದೆ ಕಡಮೆಯಾದರೆಂಬುದು ನನ್ನ ಕೊರಗು.

ಕಡಮೆಯಾಗುವುದಕ್ಕೆ ಕಾರಣ ಗುಳಿಗೆ. ಜೇಮ್ಸ್ ಬ್ಲ್ಯಾಕನೂ ಅವನ ಜೊತೆಯ ರಸಾಯನಜ್ಞರೂ ಹಿಸ್ಟಮೀನಿನ ದಾರಿಯಲ್ಲಿ ಆಮ್ಲವನ್ನು ತಡೆಯುವ ಪದಾರ್ಥಕ್ಕಾಗಿ ವರ್ಷಗಟ್ಟಲೆ ಹುಡುಕಿದರು. ಮೊದಲು ಸಿಕ್ಕಿದುದು ಬಾಯಿಂದ ಕೊಟ್ಟರೆ ಮೈಗೆ ಹತ್ತಲಿಲ್ಲ. ಎರಡನೆಯದಾದ ಮೆಟಿಯಮೈಡ್ ಹುಣ್ಣನ್ನು ಚೆನ್ನಾಗಿಯೇ ಮಾಯಿಸಿತು, ಆದರೆ ಕೆಲವರಲ್ಲಿ ರಕ್ತದ ಬಿಳಿಕಣಗಳು ಕಾಣೆಯಾದುವು. ಅದನ್ನು ಕೈಬಿಟ್ಟು, ಅಣುವಿನಲ್ಲಿ ಗಂಧಕವಿದ್ದ ಭಾಗವನ್ನು ಬದಲಿಸಿ ಸಿಮೆಟಿಡಿನ್ ಮಾಡಿದರು. 1976ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಶಸ್ತ್ರವೈದ್ಯರ ಮೇಜುಗಳು ಬರಿದಾಗತೊಡಗಿದುವು. ಅದರ ಬೆನ್ನಿಗೆ 1982ರ ಈಸ್ಟರ್ ಹಬ್ಬದ ರಜೆಯಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಮರೆತು ಉಳಿದ ತಟ್ಟೆಗಳಲ್ಲಿ ಹುಣ್ಣಿಗೆ ಕಾರಣವೆನಿಸಿದ ಸುರುಳಿ ರೋಗಾಣುವು ಬೆಳೆದುದು, ಬ್ಯಾರಿ ಮಾರ್ಷಲ್ ಅದನ್ನು 1984ರಲ್ಲಿ ತಾನೇ ಕುಡಿದುದು, ಅವನಿಗೂ ರಾಬಿನ್ ವಾರನ್ನನಿಗೂ 2005ರಲ್ಲಿ ನೊಬೆಲ್ ಬಂದುದು ಶಾಲೆಯ ಮಕ್ಕಳಿಗೂ ಗೊತ್ತು. ಗ್ರೀಸಿನ ಮಿಸ್ಸೊಲೊಂಗಿಯಲ್ಲಿ ಲಿಕೌಡಿಸ್ ಎಂಬ ವೈದ್ಯನು 1958ರಿಂದಲೇ ಹುಣ್ಣಿಗೆ ಆಂಟಿಬಯಾಟಿಕ್ಕುಗಳನ್ನು ಕೊಟ್ಟು, ಅದಕ್ಕಾಗಿ 4,000 ಡ್ರಾಕ್ಮಾ ದಂಡ ತೆತ್ತುದು ಗೊತ್ತಿಲ್ಲ. ಸಿಪ್ಪಿಯ ಹಳೆಯ ಪುಡಿಯಲ್ಲಿದ್ದ ಬಿಸ್ಮತ್ತು, ಯಾರಿಗೂ ತಿಳಿಯದಂತೆ, ಅದೇ ರೋಗಾಣುವಿನ ಮೇಲೆ ಕೆಲಸಮಾಡುತ್ತಿದ್ದುದೂ ಹೀಗೆಯೇ ಆಮೇಲೆ ತಿಳಿದುದು. ರೋಗಾಣುವು ಭಾರತದ ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಒಂದೇ ತೆರನಾಗಿ ಹಬ್ಬಿರುವಾಗ ಹುಣ್ಣು ಮಾತ್ರ ಅಕ್ಕಿಯ ಸೀಮೆಯನ್ನೇ ಆರಿಸಿಕೊಂಡುದು ಹೇಗೆಂದು ವೃದ್ಧನಾದ ಟೋವಿಯು ಲೇಖನಗಳಲ್ಲಿ ಕೇಳುತ್ತಲೇ ಇದ್ದನು.

ಸೋದರಮಾವನವರಿಗೆ ಎಂಬತ್ತು ದಾಟಿದ ಮೇಲೆ, ರಕ್ತ ಕಡಮೆಯಾಯಿತೆಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಾಯಿಂದ ಕೊಳವೆಯಿಳಿಸಿ ಜಠರವನ್ನು ನೋಡುತ್ತಿದ್ದ ವೈದ್ಯೆಗೆ ಮೂವತ್ತರ ಒಳಗಿನ ವಯಸ್ಸಿರಬೇಕು. ಪರದೆಯ ಮೇಲೆ ಜಠರವು ಇರಬೇಕಾದ ಕಡೆ ಇರಲಿಲ್ಲ. ಒಂದು ಬಾಗಿಲ ಬದಲಿಗೆ ಎರಡು ಕಾಣಿಸಿದುವು. ಆಕೆ ಕೊಳವೆಯನ್ನು ಹಿಂದಕ್ಕೆಳೆದು, ಮತ್ತೆ ಮುಂದೂಡಿ, ಪಕ್ಕದ ಕೋಣೆಯಿಂದ ತಲೆನರೆತ ಹಿರಿಯರೊಬ್ಬರನ್ನು ಕರೆದಳು. ಅವರು ಬಂದು ನೋಡಿ, ಕನ್ನಡಕವನ್ನು ಹಣೆಗೇರಿಸಿ, "ಇದಾ? ಬಿಲ್‌ರೋಟ್ ಎರಡು. ನಾನು ಹೌಸ್ ಸರ್ಜನ್ ಆಗಿದ್ದಾಗ ವಾರಕ್ಕೆ ಇಂಥವು ಮೂರು ನಾಲ್ಕು ಆಗ್ತಿತ್ತಮ್ಮ" ಎಂದರು. ಕೊಳವೆ ಹೊರಬಂದ ಮೇಲೆ ಮಾವನವರು ಬಾಯೊರೆಸಿಕೊಂಡು, ಊಟಕ್ಕೆ ಎಷ್ಟು ಹೊತ್ತಿಗೆ ಬಿಡುತ್ತೀರೆಂದು ಕೇಳಿದರು. ಉಂಡ ಮೇಲೆ ಅರ್ಧ ಗಂಟೆ ಮಲಗಲು ಎಲ್ಲಾದರೂ ಜಾಗವಿದೆಯೇ ಎಂದೂ ಕೇಳಿದರು.